ಹದಿನಾಲ್ಕು ಇಂಚಿನ ಪೀಠಕ್ಕಾಗಿ ನಡೆದ ಮಹಾಸಮರ

ಮೇಘಮಾರ್ಗವೆಂಬುದು ಗರುಡಗಂಧರ್ವರ ಸ್ವತ್ತಾಗಿದ್ದ ಯುಗವು ಕಳೆದು, ಬೆಳಗಿನ ಉಪ್ಪಿಟ್ಟನ್ನು ಮನೆಯಲ್ಲಿ ತಿಂದವನು ಮಧ್ಯಾಹ್ನದ ಅನ್ನವನ್ನು ಹೈದರಾಬಾದಿನಲ್ಲಿ ಉಣ್ಣುವ ಯುಗವು ಪ್ರಾಪ್ತವಾಗಿತ್ತು. ಆ ಯುಗದಲ್ಲಿ ನರನು ಆಕಾಶಕ್ಕೇರುವ ಮುನ್ನ ಸೊಂಟದ ಬೆಲ್ಟನ್ನು ತ್ಯಜಿಸಿ, ಕಿಸೆಯ ಕೀಲಿಕೈಗಳನ್ನು ಪ್ಲಾಸ್ಟಿಕ್ ತಟ್ಟೆಗೆ ನಿವೇದಿಸಿ, ಎರಡೂ ತೋಳುಗಳನ್ನು ಚಾಚಿ, ತಾನು ನಿರಪರಾಧಿಯೆಂದು ಒಂದು ಯಂತ್ರವು ಒಪ್ಪುವವರೆಗೆ ಉಸಿರು ಬಿಗಿಹಿಡಿದು ನಿಲ್ಲಬೇಕಾಗಿತ್ತು. ಎಲೈ ವಾಗ್ದೇವಿಯೇ, ಅಂಥ ಯುಗದಲ್ಲಿ ಸಿರಿಗನಹಾಳವೆಂಬ ಊರಿನಲ್ಲಿ ಅವತರಿಸಿದ ವೀರಾಂಗನೆಯನ್ನು ಹಾಡುವುದಕ್ಕೆ ನಮ್ಮ ನಾಲಗೆಗೆ ತ್ರಾಣವನ್ನು ಕೊಡು. ತಕ್ಕಡಿಯ ತಳಕ್ಕೆ ಅಂಟಿಸಿದ ಹುಣಸೆಹಣ್ಣನ್ನು ಹತ್ತು ಮಾರು ದೂರದಿಂದಲೇ ಕಂಡುಹಿಡಿಯುತ್ತಿದ್ದ ಸೂಕ್ಷ್ಮದೃಷ್ಟಿಸಂಪನ್ನೆ, ಮುನ್ನೂರು ಕಿರಾಣಿ ಅಂಗಡಿಕಾರರ ನಿದ್ರಾಪಹಾರಿಣಿ, ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರ್ ನೀಲಗಂಗಾ ಪಟ್ಟೇದಳೇ ಆ ವೀರಾಂಗನೆ.

ಈಕೆಗೆ ವಯಸ್ಸು ಅರವತ್ತೇಳು. ಹಿಂದೊಮ್ಮೆ ಬಸ್ಸಿನ ಮೆಟ್ಟಿಲಿನಿಂದ ಜಾರಿ ಬಲಗಾಲಿನ ಹರಡನ್ನು ಮುರಿದುಕೊಂಡಿದ್ದಳಾಗಿ, ಅದರೊಳಗೆ ಉಕ್ಕಿನ ಪಟ್ಟಿಯೊಂದು ನೆಲೆಸಿತ್ತು. ಹೊರಗೆ, ವೈದ್ಯರ ಅಪ್ಪಣೆಯಂತೆ, ಮೂರು ಬಿಗಿಪಟ್ಟಿಗಳುಳ್ಳ, ಅಡಿಯಲ್ಲಿ ಕಬ್ಬಿಣವುಳ್ಳ ಎತ್ತರದ ಬೂಟು ನೆಲೆಸಿತ್ತು. ತಿಂಗಳಿಗೊಮ್ಮೆ ಆಕೆ ಹೈದರಾಬಾದಿಗೆ ಹಾರುತ್ತಿದ್ದಳು. ಅಲ್ಲಿ ಅವಳ ಒಬ್ಬಳೇ ತಂಗಿ ಸುಮಿತ್ರೆ ಡಯಾಲಿಸಿಸ್ ಯಂತ್ರದ ಪಕ್ಕದಲ್ಲಿ ಮಲಗಿ, ಅಕ್ಕ ಬರುವ ವಾರವನ್ನು ಬೆರಳು ಮಡಚಿ ಎಣಿಸುತ್ತಿದ್ದಳು.

ಕಬ್ಬಿಣಪಾದುಕೆಯು ಯಂತ್ರದೊಳಗೆ ಹೋಗಿಬರಲೇಬೇಕೆಂಬುದು ಸಿರಿಗನಹಾಳದ ವಿಮಾನ ನಿಲ್ದಾಣದ ನಿಯಮ. ಬಿಚ್ಚುವ ಕಡೆ ಒಂದು ಕುರ್ಚಿ ಇತ್ತು. ಆದರೆ ತಪಾಸಣೆ ಮುಗಿದ ಆಚೆಯ ದಡದಲ್ಲಿ, ಬೂಟನ್ನು ಮರಳಿ ತೊಡಬೇಕಾದ ಆ ಪರಿಶುದ್ಧ ಕ್ಷೇತ್ರದಲ್ಲಿ, ಕುರ್ಚಿಯಿಲ್ಲ, ಬೆಂಚಿಲ್ಲ, ಕಟ್ಟೆಯಿಲ್ಲ, ಒರಗಲು ಒಂದು ಕಂಬವೂ ಇಲ್ಲ. ಶ್ರಾವಣದ ಒಂದು ಸೋಮವಾರ ನಮ್ಮ ನಾಯಕಿಯು ಅಲ್ಲಿ ಎಡಗಾಲಿನ ಮೇಲೆ ನಿಂತು, ಬಲಗಾಲಿಗೆ ಬೂಟನ್ನು ಏರಿಸಹೋಗಿ, ಸಮಸ್ತ ಪ್ರಯಾಣಿಕವೃಂದವು ನೋಡುತ್ತಿರಲು, ಜೋಳದ ಚೀಲವು ಬಂಡಿಯಿಂದ ಜಾರಿದಂತೆ ನೆಲಕ್ಕೆ ಜಾರಿದಳು.

ಕಾವಲಿನ ಮಹಿಳಾ ಪೇದೆಯೊಬ್ಬಳು ಧಾವಿಸಿ ಬಂದಳು. "ಅಮ್ಮಾ, ಇಲ್ಲಿ ಕೂರಂಗಿಲ್ಲ, ಏಳಿ."

"ನಾ ಕೂತಿಲ್ಲವ್ವಾ," ಎಂದಳು ನೀಲಗಂಗೆ. "ಬಿದ್ದೀನಿ."

ಪೇದೆಯು ಒಂದು ಕ್ಷಣ ವಿಚಾರಮಾಡಿದಳು. ಬಿದ್ದವರ ವಿಷಯದಲ್ಲಿ ಆಕೆಗೆ ಆಜ್ಞೆಯೇನೂ ಇರಲಿಲ್ಲ. ಕೊನೆಗೆ ಬಗ್ಗಿ, ಕಂಕುಳಿಗೆ ಕೈಕೊಟ್ಟು ಎತ್ತಿ, ಗೋಡೆಯವರೆಗೆ ನಡೆಸಿದಳು. ಗೋಡೆಗೆ ಬೆನ್ನುಕೊಟ್ಟು ಬೂಟು ತೊಡುವಾಗ ನೀಲಗಂಗೆಯ ಮಣಿಕಟ್ಟು ಊದಿಕೊಳ್ಳುತ್ತಿತ್ತು. ಆಕೆಗೆ ಅದು ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ "ಪಾಪ" ಎಂದದ್ದು ಮಾತ್ರ ಕೇಳಿಸಿತ್ತು. ಮೂವತ್ತನಾಲ್ಕು ವರ್ಷ ಸಂತೆಗಳನ್ನು ನಡುಗಿಸಿದ ಹೆಂಗಸಿಗೆ ಆ ಒಂದು ಪದವು ವಿಮಾನಯಾನದುದ್ದಕ್ಕೂ ಕಿವಿಯಲ್ಲಿ ಗುಂಯ್‌ಗುಟ್ಟಿತು.

ಆಮೇಲೆ ಆಕೆ ಆಚೆಯ ದಡಕ್ಕೂ ಒಂದು ಕುರ್ಚಿ ಬೇಕೆಂದು ನಿಲ್ದಾಣಕ್ಕೆ ಐದು ಪತ್ರಗಳನ್ನು ಬರೆದಳು. ಐದಕ್ಕೂ ಒಂದೇ ಉತ್ತರ ಬಂತು: ತಮ್ಮ ಸಲಹೆಯನ್ನು ಗಮನಿಸಲಾಗಿದೆ.

ಇತ್ತ ರಾಜಧಾನಿಯಲ್ಲಿ ಸುರಾಸುರರಂತೆ ಎರಡು ಪಕ್ಷಗಳು ಶಾಸನಸಮುದ್ರವನ್ನು ಕಡೆಯುತ್ತಿರಲು, ಬೈಗುಳವೆಂಬ ವಿಷವೂ ಸಭಾತ್ಯಾಗವೆಂಬ ನೊರೆಯೂ ಮೊದಲು ಹೊರಟು, ಕಟ್ಟಕಡೆಗೆ ವಿಮಾನ ಭದ್ರತಾ ಸಹಭಾಗಿತ್ವ ಅಧಿನಿಯಮವೆಂಬ ಅಮೃತಕಲಶವು ಮೇಲೆದ್ದಿತು. ಇನ್ನು ಮೇಲೆ ಪ್ರತಿ ನಿಲ್ದಾಣದಲ್ಲಿಯೂ ಸಲಹಾ ಸಮಿತಿಯೊಂದಿರತಕ್ಕದ್ದು. ಅದರಲ್ಲಿ ವಿಮಾನ ಕಂಪನಿಯವರಿಗೂ, ಸರಕು ಕಳಿಸುವ ವರ್ತಕರಿಗೂ, ಕೇವಲ ಟಿಕೆಟ್ಟು ಹಿಡಿದು ನಿಲ್ಲುವ ಸಾಮಾನ್ಯ ಪ್ರಜೆಗೂ ಒಂದೊಂದು ಬಾಯಿ ಇರತಕ್ಕದ್ದು. ಆ ಬಾಯಿಂದ ಬಂದ ಸಲಹೆಯನ್ನು ಭದ್ರತಾಧಿಕಾರಿಯು ಮೂವತ್ತು ದಿನಗಳೊಳಗೆ ಒಪ್ಪತಕ್ಕದ್ದು, ಇಲ್ಲವೆ ಒಪ್ಪದಿರುವ ಕಾರಣವನ್ನು ಬರೆದು, ಕೆಳಗೆ ತನ್ನ ಹೆಸರು ಹಾಕಿ, ರುಜು ಮಾಡತಕ್ಕದ್ದು. ಈ ಕೊನೆಯ ಮಾತು ಏಳನೆಯ ಕಲಮಿನಲ್ಲಿತ್ತು. ನೀಲಗಂಗೆಯು ಅದನ್ನು ಪತ್ರಿಕೆಯಲ್ಲಿ ಓದಿ, ಕತ್ತರಿಸಿ, ಕನ್ನಡಕದ ಡಬ್ಬಿಯೊಳಗೆ ಮಡಚಿಟ್ಟಳು.

ಪ್ರಯಾಣಿಕರ ಪ್ರತಿನಿಧಿಯ ಸ್ಥಾನಕ್ಕೆ ಅರ್ಜಿಗಳನ್ನು ಕರೆದರು. ದಿಕ್ಕುದಿಕ್ಕುಗಳಿಂದ ವೀರರು ಬಂದು ನೆರೆಯುವರೆಂದು ಮೂರು ಬಾರಿ ಅವಧಿಯನ್ನು ವಿಸ್ತರಿಸಿದರು. ಬಂದದ್ದು ಒಂದೇ ಅರ್ಜಿ.

ಹೀಗೆ ಕಾರ್ತಿಕದ ಒಂದು ಬೆಳಗ್ಗೆ, ಹನ್ನೊಂದು ಗಂಟೆಗೆ, ನಿಲ್ದಾಣದ ಮಹಡಿಯ ಕೋಣೆಯಲ್ಲಿ ಉಭಯ ಸೈನ್ಯಗಳು ಎದುರುಬದುರಾದವು. ಮಧ್ಯದ ಪೀಠದಲ್ಲಿ ನಿಲ್ದಾಣದ ನಿರ್ದೇಶಕ, ಕಲಹಭೀರು ಮಧ್ವರಾಜ ಗಲಗಲಿ. ಒಂದು ಪಾರ್ಶ್ವದಲ್ಲಿ ವಿಮಾನ ಕಂಪನಿಯ ಮ್ಯಾನೇಜರ್, ಮಂಗಳೂರಿನ ರೋಶನಿ ಪಿಂಟೊ. ಆಕೆಯ ಪಕ್ಕದಲ್ಲಿ ಕೊಲ್ಲಿದೇಶಗಳಿಗೆ ಪೇರಲ ಹಣ್ಣು ಕಳಿಸುವ ದಾದಾಪೀರ ಬಾಗವಾನ. ಆತನ ಪಕ್ಕದಲ್ಲಿ ನಮ್ಮ ನಾಯಕಿ. ಎದುರಿಗೆ ಭದ್ರತಾಪಡೆಯ ಕಮಾಂಡೆಂಟ್, ಮಂಡ್ಯಸೀಮೆಯ ತಮ್ಮೇಗೌಡ. ಸಾಣೆಹಿಡಿದ ಮೀಸೆಯವನು, ಇಪ್ಪತ್ತಾರು ವರ್ಷಗಳಲ್ಲಿ ಒಂದು ಬ್ಲೇಡನ್ನೂ ತನ್ನ ಕಾವಲಿನಲ್ಲಿ ನುಸುಳಗೊಡದವನು. ಆತನು ಬಂದವನೇ ತನ್ನ ಕುರ್ಚಿಯ ಅಡಿಗೆ ಬಗ್ಗಿ ನೋಡಿ, ಅನಂತರ ಕುಳಿತನು.

ಆಗ ನೀಲಗಂಗೆಯು ಎದ್ದು ನಿಂತು, ಎಲೈ ದಂಡನಾಯಕನೇ, ಗಗನಗಾಮಿಗಳ ಚರಣಕಮಲಗಳಿಗೆ ಕ್ಷಣಮಾತ್ರದ ಆಶ್ರಯವನ್ನೂ ಕರುಣಿಸದ ನಿನ್ನ ಕಾಠಿಣ್ಯವನ್ನು ಧಿಕ್ಕರಿಸುತ್ತೇನೆ ಎಂಬ ಭಾವವು ಹೊಮ್ಮುವಂತೆ ನುಡಿದಳು. ಆಕೆಯ ಬಾಯಿಂದ ಬಂದ ಶಬ್ದಗಳು ಇವು:

"ಕೂತು ಬೂಟು ಹಾಕ್ಕೊಳ್ಳಾಕ ಒಂದು ಜಾಗಾ ಬೇಕ್ರಿ. ಒಂದಾ ಕಾಲ ಮ್ಯಾಲೆ ನಿಂದ್ರಾಕ ನಾವೇನು ಕೊಕ್ಕರಿ ಏನ್ರಿ?"

ರೋಶನಿ ಪಿಂಟೊ ತಲೆಯಾಡಿಸಿದಳು. "ಹೌದು ಸಾರ್, ಅಲ್ಲೇ ನಿಂತು ಶೂ ಹಾಕ್ಲಿಕ್ಕೆ ಜನ ಒದ್ದಾಡ್ತಾರೆ, ಹಿಂದಿನವರಿಗೆ ದಾರಿ ಇಲ್ಲ. ನಮ್ಮ ವಿಮಾನ ಲೇಟಾಗ್ತದೆ, ಬೈಗಳು ನಮಗೆ ಸಿಗ್ತದೆ."

ತಮ್ಮೇಗೌಡನು ಮೇಘಗಂಭೀರನಾಗಿ ಎದ್ದನು. "ಆಗಲ್ಲ ಕಣ್ರೀ. ಆ ಜಾಗದಲ್ಲಿ ಕುರ್ಚಿ ಇಡಂಗಿಲ್ಲ."

"ಯಾಕ್ ಇಡಂಗಿಲ್ರಿ?"

"ಭದ್ರತೆ."

"ಅದು ಕಾರಣ ಅಲ್ರಿ, ಹೆಸರು," ಎಂದಳು ನೀಲಗಂಗೆ. "ನಮ್ಮ ಅಂಗಡಿಕಾರ್ರೂ ಹಿಂಗಾ ಅಂತಿದ್ರು. ತೂಕ ಯಾಕ ಕಡಿಮಿ ಬಂತಲೇ ಅಂದ್ರ, ಗಾಳಿ ರೀ, ಅಂತ." ಆಕೆ ಕನ್ನಡಕದ ಡಬ್ಬಿಯಿಂದ ದಿವ್ಯಾಸ್ತ್ರವನ್ನು ಹೊರತೆಗೆದು ಮೇಜಿನ ಮೇಲೆ ಬಿಡಿಸಿದಳು. ಏಳನೆಯ ಕಲಮನ್ನು ಕಂಡು ಗಲಗಲಿಯವರು ತಮ್ಮ ಚಹಾದ ಬಸಿಯನ್ನು ಮೆಲ್ಲನೆ ದೂರ ಸರಿಸಿಕೊಂಡರು.

ತಮ್ಮೇಗೌಡನು ಆ ಚೂರನ್ನು ಓದಿ, ಮರಳಿ ಕುಳಿತನು. ಅನಂತರ ಆಡಿದ್ದು ಕಮಾಂಡೆಂಟನ ಸ್ವರದಲ್ಲಿರಲಿಲ್ಲ.

"ಹದ್ನೈದು ವರ್ಷದ ಹಿಂದೆ ಬೇರೆ ಕಡೆ ಡ್ಯೂಟಿ ಮೇಡಮ್. ತಪಾಸಣೆ ಮುಗಿದ ಜಾಗದಲ್ಲಿ ಒಂದು ಸಾಲು ಕುರ್ಚಿ ಇತ್ತು. ನನ್ನ ಪೆನ್ನು ಬಿತ್ತು ಅಂತ ಬಗ್ಗಿದೆ. ಕುರ್ಚಿ ಅಡೀಲಿ ಟೇಪ್ ಹಾಕಿ ಅಂಟ್ಸಿದ್ದ ಚಾಕು. ಇಷ್ಟುದ್ದ. ಯಾರಿಟ್ರೋ, ಯಾರಿಗೋ, ಇವತ್ತಿಗೂ ಗೊತ್ತಿಲ್ಲ. ಪೆನ್ನು ಬೀಳದೇ ಇದ್ದಿದ್ರೆ?"

ನೀಲಗಂಗೆಯು ಈ ಉತ್ತರವನ್ನು ನಿರೀಕ್ಷಿಸಿರಲಿಲ್ಲ. ಸುಳ್ಳನ್ನು ಎದುರಿಸುವುದರಲ್ಲಿ ನಿಷ್ಣಾತಳಾದ ಆಕೆಗೆ ನಿಜವನ್ನು ಎದುರಿಸುವ ಅಭ್ಯಾಸ ಕಡಿಮೆ.

"ಇದನ್ನ ಮೊದಲನೇ ಪತ್ರಕ್ಕ ಬರದಿದ್ರ ನಾ ಇಲ್ಲೀ ತನಕ ಬರ್ತಿದ್ದಿಲ್ರಿ," ಎಂದಳು ಕೊನೆಗೆ. "ಆದ್ರ ಬಂದೀನಿ. ಬಿದ್ದೂ ಬಂದೀನಿ. ಬಗ್ಗಲಾರದನ ಅಡಿ ಕಾಣೂವಂಥಾ ಕುರ್ಚಿ ಮಾಡಸ್ರಲಾ."

ದಾದಾಪೀರ ಬಾಗವಾನನು ಇದೇ ಸಮಯವೆಂದು ಆಕೆಯ ಕಿವಿಯ ಬಳಿ ಬಾಗಿದನು. "ಅಕ್ಕಾರ, ನಮ್ಮ ಪೇರಲ ಡಬ್ಬಿ ತಪಾಸಣೆಗೆ ಅಂತ ಎರಡು ತಾಸು ಬಿಸಿಲಾಗ ಕುಂತಿರ್ತಾವ್ರಿ. ನಿಮಗ ಕುರ್ಚಿ ಇಲ್ಲ, ನಮಗ ನೆರಳಿಲ್ಲ. ನನ್ನ ಕೈ ನಿಮಗ, ನಿಮ್ಮ ಕೈ ನನಗ."

ಹೀಗೆ ಪೀಠ-ಪೇರಲ ಸಂಧಿಯು ಏರ್ಪಟ್ಟು, ಎರಡೂ ಸಲಹೆಗಳ ಪರವಾಗಿ ಮೂರು ಕೈಗಳು ಮೇಲೆದ್ದವು. ನಿರ್ದೇಶಕರು "ನಂದು ತಟಸ್ಥ ಅದ ನೋಡ್ರಿ" ಎಂದು ಎರಡೂ ಕೈಗಳನ್ನು ಮೇಜಿನ ಕೆಳಗಿಟ್ಟುಕೊಂಡರು. ಸಲಹೆಯು ಲಿಖಿತವಾಯಿತು. ಮೂವತ್ತು ದಿನಗಳ ಗಡುವು ಆರಂಭವಾಯಿತು.

ಪೇರಲದ ನೆರಳಿಗೆ ತಮ್ಮೇಗೌಡನು ಮರುದಿನವೇ ಒಪ್ಪಿ ಹಸಿರು ಬಟ್ಟೆಯನ್ನು ಕಟ್ಟಿಸಿದನು. ಕುರ್ಚಿಯ ಕಾಗದವು ಮಾತ್ರ ಅವನ ಮೇಜಿನ ಮೇಲೆ ಉಳಿಯಿತು. ನಿರಾಕರಣೆಯ ಕಾರಣವನ್ನು ಬರೆಯಲು ಅವನು ನಾಲ್ಕು ಸಲ ಕುಳಿತನು. ಚಾಕುವಿನ ಕಥೆಯನ್ನು ಬರೆದನು. ಕೆಳಗೆ ಹೆಸರು ಹಾಕುವ ಹೊತ್ತಿಗೆ ಕೈ ನಿಂತಿತು. ಅಡಿ ಕಾಣುವ ಕುರ್ಚಿಯ ಮಾತಿಗೆ ಅದು ಉತ್ತರವಾಗಿರಲಿಲ್ಲ. ಸುಳ್ಳು ಕಾರಣವನ್ನು ಬರೆಯಬಹುದಿತ್ತು. ಆದರೆ ಅದರ ಕೆಳಗೂ ಅವನದೇ ಹೆಸರು ಇರಬೇಕಿತ್ತು.

ಇಪ್ಪತ್ತೆಂಟನೆಯ ದಿನ, ಮಧ್ಯಾಹ್ನ ಎರಡು ಗಂಟೆಗೆ, ಒಂದು ವಿಮಾನ ಹೋಗಿ ಇನ್ನೊಂದು ಬಾರದ ವಿರಾಮದಲ್ಲಿ, ಮಹಾರಥಿಯು ತನ್ನ ಕೋಣೆಯಿಂದ ಇಳಿದು ತಪಾಸಣೆಯ ಆಚೆಯ ದಡಕ್ಕೆ ಬಂದನು. ಪೇದೆಗಳು ಸಾಲಾಗಿ ಸೆಟೆದು ನಿಂತರು. ಆತನು ಬಗ್ಗಿ ತನ್ನ ಎರಡೂ ಬೂಟುಗಳ ಲೇಸು ಬಿಚ್ಚಿ, ಅವನ್ನು ಪಕ್ಕಕ್ಕಿಟ್ಟು, ಕಾಲುಚೀಲದಲ್ಲಿ ಒಂದು ಗಳಿಗೆ ನಿಂತನು. ಅನಂತರ ಒಂದೇ ಕಾಲಿನ ಮೇಲೆ ನಿಂತು ಮರಳಿ ತೊಡಲು ಉಪಕ್ರಮಿಸಿದನು. ಐವತ್ತನಾಲ್ಕರ ಮಂಡಿಯು ಮೊದಲು ನಡುಗಿತು, ಬಳಿಕ ವಾಲಿತು. ಕುಂಟಿಕೊಂಡು ಎರಡು ಹೆಜ್ಜೆ ಹಾರಿ, ತಟ್ಟೆಗಳ ಗಾಡಿಯನ್ನು ತಬ್ಬಿಕೊಂಡನು. ಮೂವತ್ತು ತಟ್ಟೆಗಳು ಧಡಧಡನೆ ಉರುಳಿದವು. ಪೇದೆಗಳಾರೂ ನಗಲಿಲ್ಲ, ನಗದಿರುವುದಕ್ಕೆ ಅವರು ಪಟ್ಟ ಶ್ರಮವು ಮುಖದಲ್ಲಿ ಸ್ಪಷ್ಟವಾಗಿತ್ತು.

ಅಂದು ಸಂಜೆಯೇ ಒಪ್ಪಿಗೆಯು ಹೊರಟಿತು. ಒಪ್ಪಿಗೆಯ ಬೆನ್ನಿಗೆ ಷರತ್ತುಗಳು: ಪೀಠವು ಉಕ್ಕಿನದಾಗಿರಬೇಕು, ನೆಲಕ್ಕೆ ಬೋಲ್ಟು ಮಾಡಿರಬೇಕು, ಒಂದೇ ಕಾಲಿನದಾಗಿರಬೇಕು, ಟೊಳ್ಳಿರಕೂಡದು, ಆಸನವು ಜಾಲರಿಯಾಗಿದ್ದು ಅಡಿಯು ಮೇಲಿನಿಂದಲೇ ಕಾಣಬೇಕು, ಅಗಲ ಹನ್ನೆರಡು ಇಂಚು.

"ಹನ್ನೆರಡು!" ಎರಡನೆಯ ಸಭೆಯಲ್ಲಿ ನೀಲಗಂಗೆಯು ಚೀಲದಿಂದ ಉಕ್ಕಿನ ಟೇಪನ್ನು ಸೆಳೆದಳು. ಅದು ಒರೆಯಿಂದ ಹಿರಿದ ಖಡ್ಗದಂತೆ ಝಣ್ಣೆಂದಿತು. "ಇದ್ರ ಮ್ಯಾಲೆ ಏನು ಕೂಡ್ತೈತ್ರಿ, ಗುಬ್ಬಿ? ಹದಿನಾರು ಮಾಡ್ರಿ."

"ಹದಿನಾರು ಮಾಡಿದ್ರೆ ಇಬ್ರು ಕೂರ್ತಾರೆ, ಹರಟೆ ಹೊಡೀತಾರೆ. ಹನ್ನೆರಡೇ."

"ನೀವು ಕೂತು ತೋರಸ್ರಿ ಹನ್ನೆರಡರ ಮ್ಯಾಲೆ."

"ಬೆನ್ನಿಗೆ ಆಸರೆ ಕೇಳಬೇಡಿ ಹಂಗಾದ್ರೆ."

"ಬೆನ್ನು ಬಿಟ್ಟೆ. ಅಗಲ ಬಿಡಂಗಿಲ್ಲ."

ಸಮರವು ಎರಡು ತಾಸು ನಡೆಯಿತು. ಇಂಚಿಂಚಿಗೂ ಹೋರಾಟ ಎಂಬ ಮಾತು ಆ ದಿನ ಅಕ್ಷರಶಃ ಸತ್ಯವಾಯಿತು. ಗಲಗಲಿಯವರು ನಡುವೆ ಮೂರು ಬಾರಿ, "ಚಹಾ ಆರಲಿಕ್ಕತ್ತದ, ಕುಡೀರಿ ಮೊದ್ಲ" ಎಂದು ಶಾಂತಿದೂತರಾಗಿ ಬಂದು ಮೂರು ಬಾರಿಯೂ ಬರಿಗೈಯಲ್ಲಿ ಮರಳಿದರು. ಕೊನೆಗೆ ಉಭಯ ವೀರರೂ ದಣಿದು, ಹದಿನಾಲ್ಕು ಇಂಚು ಎಂಬಲ್ಲಿ ಶಸ್ತ್ರಸಂನ್ಯಾಸ ಮಾಡಿದರು.

ಮಾಘಮಾಸದ ಒಂದು ಶುಕ್ರವಾರ ಪೀಠವು ಪ್ರತಿಷ್ಠಾಪಿತವಾಯಿತು. ಹಾರವಿಲ್ಲ, ತೆಂಗಿನಕಾಯಿಯಿಲ್ಲ, ಭಾಷಣವಿಲ್ಲ. ಇಬ್ಬರು ಕೆಲಸಗಾರರು ಬಂದು ನಾಲ್ಕು ಬೋಲ್ಟು ಬಿಗಿದು ಹೋದರು.

ಮುಂದಿನ ಸೋಮವಾರ ನೀಲಗಂಗಾ ಪಟ್ಟೇದ ಅವರು ಹೈದರಾಬಾದಿಗೆ ಹೊರಟಿದ್ದರು. ತಪಾಸಣೆ ಮುಗಿಯಿತು. ತಟ್ಟೆಯಲ್ಲಿ ಬೂಟು ಬಂತು. ಅವರು ಸ್ಟೂಲಿನ ಮೇಲೆ ಕುಳಿತರು. ಉಕ್ಕು ತಣ್ಣಗಿತ್ತು, ಜಾಲರಿ ಸ್ವಲ್ಪ ಒತ್ತುತ್ತಿತ್ತು. ಒಂದು ಪಟ್ಟಿ, ಎರಡನೆಯದು, ಮೂರನೆಯದು. ಯಾರೂ ನೋಡಲಿಲ್ಲ, ಯಾರೂ ಪಾಪ ಎನ್ನಲಿಲ್ಲ. ಮೂರನೆಯ ಪಟ್ಟಿಯನ್ನು ಬಿಚ್ಚಿ, ಇನ್ನೊಮ್ಮೆ ನಿಧಾನವಾಗಿ ಬಿಗಿದರು.

"ಸ್ವಲ್ಪ ಬೇಗ ಮೇಡಮ್," ಎಂದು ಹಿಂದಿನಿಂದ ಯಾರೋ ಅಂದರು.

ತಿರುಗಿ ನೋಡಿದರೆ ತಮ್ಮೇಗೌಡರು. ಸಮವಸ್ತ್ರವಿಲ್ಲ, ಚೌಕಳಿ ಅಂಗಿ; ರಜೆಯ ಮೇಲೆ ಹೊರಟಿದ್ದರು. ಎರಡೂ ಕೈಯಲ್ಲಿ ಒಂದೊಂದು ಬೂಟು.

ನೀಲಗಂಗಮ್ಮ ಎದ್ದು ಜಾಗ ಬಿಟ್ಟರು. ತಮ್ಮೇಗೌಡರು ಬಗ್ಗಿ ನೋಡದೆ ಕುಳಿತರು. ಹೆಗಲಿನ ಬ್ಯಾಗನ್ನು ಎಲ್ಲಿಡಬೇಕೆಂದು ಅವರು ತಡಕಾಡುತ್ತಿದ್ದಾಗ ನೀಲಗಂಗಮ್ಮನೇ ಕೈಚಾಚಿ ಇಸಿದುಕೊಂಡರು.

"ಎರಡು ಹಾಕ್ಸಬೋದಿತ್ತು," ಎಂದರು ತಮ್ಮೇಗೌಡರು, ಲೇಸಿನ ಗಂಟಿನ ಕಡೆ ನೋಡುತ್ತ.

"ಹೂಂ," ಎಂದರು ನೀಲಗಂಗಮ್ಮ.

ಈ ಕಥೆಯನ್ನು ಭಕ್ತಿಯಿಂದ ಕೇಳಿದವರಿಗೆ ರಾಜ್ಯ ಸಿಗುವುದಿಲ್ಲ, ಸ್ವರ್ಗವೂ ಸಿಗುವುದಿಲ್ಲ. ಸಿರಿಗನಹಾಳದಲ್ಲಿ ಕೂತು ಬೂಟು ಹಾಕಿಕೊಳ್ಳಬಹುದು. ಒಬ್ಬೊಬ್ಬರಾಗಿ.