ಅಳಿಯನ ಪುಕ್ಕಟೆ ದುಡಿಮೆ

ನನ್ನ ಅಳಿಯನಷ್ಟು ದುಡಿಯುವ ಸೋಮಾರಿ ವಿಜಯಪುರ ಜಿಲ್ಲೆಯಲ್ಲೇ ಇನ್ನೊಬ್ಬನಿಲ್ಲ. ತೊರವಿ ಹತ್ತಿರದ ಕಾಲೇಜಿನಲ್ಲಿ ಪಾಠ ಹೇಳಿ ಜಲನಗರದ ಮನೆಗೆ ಬಂದನೆಂದರೆ ಕಂಪ್ಯೂಟರಿನ ಮುಂದೆ ಕುಳಿತುಬಿಡುತ್ತಾನೆ. ಗಿರಣಿಯಿಂದ ಹಿಟ್ಟು ತರಲು ಎದ್ದದ್ದನ್ನು ನಾನಂತೂ ಕಂಡಿಲ್ಲ. ಅವನು ನನ್ನ ತಮ್ಮನ ಮಗನೂ ಹೌದು. ಹಾಗಾಗಿ ಬೈಯಲು ನನಗೆ ಎರಡು ಹಕ್ಕು.

"ದಿನಾ ಅದೇನ್ ಮಾಡ್ತೀಯೋ?" ಎಂದು ಒಮ್ಮೆ ಕೇಳಿದೆ.

"ಫ್ರೇಮ್‌ವರ್ಕ್, ಅತ್ತಿ. ಮಂದಿ ಮೊಬೈಲ್‌ನ್ಯಾಗ ವೆಬ್‌ಸೈಟ್ ಒತ್ತತಾರಲ್ಲ, ಅದಕ್ಕ ದೂರದ ಸರ್ವರ್‌ನಿಂದ ಉತ್ತರ ಬರಬೇಕು. ವೆಬ್‌ಸೈಟ್ ಅಡಗಿ ಅಂದ್ರ, ನಂದು ಅಡಗಿಮನಿ. ಒಲಿ, ಭಾಂಡೆ ಹೊಂದಿಸಿ ಇಟ್ಟಿರ್ತೀನಿ. ಅಡಗಿ ಅವರವರು ಮಾಡ್ಕೋತಾರ."

"ಏನ್ ತಗೋತಿ?"

"ಪುಕ್ಕಟ. ಯಾರರೆ ಒಯ್ಯಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು."

"ಕೆಟ್ರ?"

"ನಾನ ರಿಪೇರಿ ಮಾಡ್ತೀನಿ."

"ಅದೂ ಪುಕ್ಕಟ?"

"ಹೂಂ."

ವರದಕ್ಷಿಣೆ ಬೇಡ ಎಂದಾಗಲೇ ನಾನು ಸಂಶಯ ಪಡಬೇಕಿತ್ತು.

ಹೋದ ತಿಂಗಳು ಸ್ಕೂಟರಿನಿಂದ ಬಿದ್ದು ಬಲಗೈ ಮುರಿದುಕೊಂಡ. ಮಗಳಿಗೆ ನೌಕರಿ, ಉಪಚಾರಕ್ಕೆ ನಮ್ಮೂರು ಘೋಣಸಗಿಯಿಂದ ನಾನು ಬಂದೆ. ನೋಡಿದರೆ ಪ್ಲಾಸ್ಟರ್ ಕಟ್ಟಿಕೊಂಡೇ ಎಡಗೈಯ ಒಂದು ಬೆರಳಿನಿಂದ ಕೋಳಿ ಕಾಳು ಹೆಕ್ಕಿದಂತೆ ಕುಟ್ಟುತ್ತಿದ್ದಾನೆ! ಅವನ ಆ ಕಂಪ್ಯೂಟರಿನ ಅಡುಗೆಮನೆಯ ಹಿಂಬಾಗಿಲ ಚಿಲಕ ಸಡಿಲವಾಗಿದೆಯೆಂದು ಆವತ್ತೇ ಗೊತ್ತಾಗಿತ್ತಂತೆ. ಕಳ್ಳರಿಗೆ ತಿಳಿಯುವ ಮೊದಲು ಸರಿಮಾಡದಿದ್ದರೆ ಯಾರ್ಯಾರದೋ ಗುಟ್ಟು ಕದ್ದೊಯ್ಯುತ್ತಾರಂತೆ.

"ಪುಕ್ಕಟ ಒಯ್ದವರು ತಾವ ನೋಡ್ಕೋಲಿ, ಬಿಡು."

"ನನ್ನ ನಂಬಿ ಒಯ್ದಾರ, ಅತ್ತಿ." ಮುಖ ಬಾಡಿತ್ತು.

"ಮತ್ತ ಕೈ ಮುರದೈತಿ ಅಂತ ಅವರಿಗೆ ಹೇಳಾಕ ಬಾಯಿ ಇಲ್ಲೇನೋ?"

ನಾಚಿಕೊಳ್ಳುತ್ತಲೇ ಕಂಪ್ಯೂಟರಿನಲ್ಲಿ ಅವರಿಗೆಲ್ಲ ಒಂದು ಸಾಲು ಬರೆದ. ಸ್ವಲ್ಪ ಹೊತ್ತಿಗೆ, "ಐದು ಮಂದಿ ಕೆಲಸಕ್ಕ ನಿಂತ್ರು," ಎಂದ.

ಕೆಲಸಕ್ಕೆ ಬಂದವರನ್ನು ಉಪವಾಸ ಕಳಿಸುವ ಮನೆತನ ನಮ್ಮದಲ್ಲ. ಐವರಿಗೂ ಆಗುವಷ್ಟು ರೊಟ್ಟಿ ಬಡಿದೆ, ಬದನೆಕಾಯಿ ಎಣಗಾಯಿ ಮಾಡಿದೆ, ತಾಟು ಹಾಕಿ ಬಾಗಿಲಲ್ಲಿ ನಿಂತೆ. ಒಂದು ನರಪಿಳ್ಳೆಯೂ ಇಲ್ಲ.

"ಎಲ್ಲಿ ಅದಾರೋ ಅವರು?"

"ಒಬ್ಬಾಕಿ ಬ್ರೆಜಿಲ್‌ನ್ಯಾಗ, ಒಬ್ಬಾಂವ ಜಪಾನ್‌ನ್ಯಾಗ... ಅವರವರ ಮನ್ಯಾಗ ಕುಂತ ಮಾಡಿದ್ರು. ಚಿಲಕ ಗಟ್ಟಿ ಆತು, ಅತ್ತಿ."

"ಅವರಿಗೆ ಪಗಾರ?"

"ಇಲ್ಲ."

ಪಗಾರವಿಲ್ಲ, ಊಟವಿಲ್ಲ, ಇವನ ಮುಖ ನೋಡಿದ್ದೂ ಇಲ್ಲ. ಮತ್ತೆ ಯಾಕೆ ಮಾಡಿದರು? ನನಗೆ ಇಂದಿಗೂ ತಿಳಿದಿಲ್ಲ.

ಅಳಿಯ ಎಡಗೈಯಲ್ಲಿ ರೊಟ್ಟಿ ಮುರಿಯಲು ಒದ್ದಾಡುತ್ತಿದ್ದ. ತಾಟು ಕಸಿದುಕೊಂಡೆ. ರೊಟ್ಟಿ ಮುರಿದು ಎಣಗಾಯಿ ಹಚ್ಚಿ, "ಬಾಯಿ ತೆಗಿ. ಆ ಬ್ರೆಜಿಲ್‌ನಾಕಿ ಹೆಸರೇನು?" ಎಂದೆ.

ಹೇಳಿದ. ನನ್ನ ನಾಲಿಗೆಗೆ ಬಾರದ ಹೆಸರು.

"ಇದು ಆಕಿ ಪಾಲಿಂದು, ಉಣ್ಣು. ಈಗ ಜಪಾನ್‌ನಾಂವನ ಹೆಸರು ಹೇಳು."