ಕ್ಲಾರಿನೆಟ್ಟಿಗೆ ಒಂದು ಸ್ವರ ಮೇಲೆ

ಜುಲೈ ಹದಿನಾಲ್ಕು, ಶನಿವಾರ. ಬೆಳಗಿನಿಂದ ಮೋಡ, ಮಳೆ ಇಲ್ಲ. ಅಂದು ಸಿಕಂದರಾಬಾದಿನ ತಾರ್ನಾಕದಲ್ಲಿ ನಮ್ಮ ಮನೆಯ ಮೇಲಿನ ಮಹಡಿಗೆ ಒಂದು ಕಂಪ್ಯೂಟರ್ ಬಂತು. ಪಕ್ಕದವರಿಗೆ ಒಳ್ಳೆಯದು ಬಂದಾಗಲೆಲ್ಲ ನನಗೆ ಏನಾದರೊಂದು ಆಗುತ್ತಲೇ ಇರುತ್ತದೆ. ಈ ಸಲ ಸ್ವಲ್ಪ ಹೆಚ್ಚೇ ಆಯಿತು.

ನಾನು ಸರ್ಕಾರಿ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವವನು. ನಮ್ಮ ಕನ್ನಡ ಸಂಘಕ್ಕೆ ಹನ್ನೆರಡು ಜನರ ವಾದ್ಯಮೇಳವಿದೆ. ಅದನ್ನು ನಡೆಸುವವರು ಸಿಕಂದರಾಬಾದಿನ ನಿವೃತ್ತ ಮಿಲಿಟರಿ ಬ್ಯಾಂಡ್ ಮಾಸ್ತರು. ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ ಬಿಟ್ಟು ಬೇರೆ ಒಪ್ಪದವರು. ಒಬ್ಬೊಬ್ಬ ವಾದಕನ ಹಾಳೆಯನ್ನೂ ಹದಿನೆಂಟು ವರ್ಷ ನಾನೇ ನಕ್ಷೆಯ ಪೆನ್ನಿನಲ್ಲಿ ಬರೆದೆ. ಅದಕ್ಕೆ ಪ್ರತಿಯಾಗಿ ರಾಜ್ಯೋತ್ಸವದ ಕಾರ್ಯಕ್ರಮ ಪಟ್ಟಿಯ ಕೆಳತುದಿಯಲ್ಲಿ ‘ಸ್ವರಲಿಪಿ’ ಎಂದು ಹಾಕಿ ಮುಂದೆ ನನ್ನ ಹೆಸರು ಅಚ್ಚು ಮಾಡುತ್ತಿದ್ದರು. ವರ್ಷಕ್ಕೆ ಒಂದು ಸಾಲು. ನನಗೆ ಅಷ್ಟು ಸಾಕಿತ್ತು.

ಮೇಲಿನ ಮಹಡಿಯಾತ ಬಾಗಲಕೋಟೆಯ ಕಡೆಯವನು, ನಾಚಾರಂನ ಪಂಪಿನ ಕಾರ್ಖಾನೆಯಲ್ಲಿ ಕೆಲಸ. ನನಗಿಂತ ಮೂರು ವರ್ಷಕ್ಕೆ ಚಿಕ್ಕವನು, ಆದರೂ ‘ಕಾಕಾ’ ಎನ್ನುತ್ತಾನೆ. ಊರಿನ ಕಂಬಕಂಬಕ್ಕೂ ಕಂಪ್ಯೂಟರ್ ಕ್ಲಾಸಿನ ಬೋರ್ಡು ತೂಗುತ್ತಿದ್ದ ಕಾಲ ಅದು. ಎಲ್ಲರೂ ಕಲಿತದ್ದು ಅಮೆರಿಕಕ್ಕೆ ಹೋಗಲು. ಈತ ಸ್ವರಲಿಪಿಯ ತಂತ್ರಾಂಶ ಕಲಿತದ್ದು ನನ್ನ ಒಂದು ಸಾಲನ್ನು ಕಸಿಯಲು.

ಕಾಗದ

ಆತ ಮೊದಲ ಹಾಳೆ ತಂದ ದಿನ ಬ್ಯಾಂಡ್ ಮಾಸ್ತರು ಅದನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ನೋಡಿದರು.

“ಭಾಳ ಛಲೋ ಐತಿ! ಥೇಟ್ ವಿಲಾಯತಿ ಪುಸ್ತಕ! ನೋಡ್ರಿ ಸಾಹೇಬ್ರ.”

ನೋಡಿದೆ. ಗೆರೆ, ಬಾಲ, ಚುಕ್ಕೆ ಒಂದೊಂದನ್ನೂ ನೋಡಿದೆ. ಕಾಲು ಗಂಟೆ ಹುಡುಕಿದರೂ ತಪ್ಪು ಸಿಗಲಿಲ್ಲ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

“ಕಾಗದ ಛಲೋ ಐತಿ,” ಎಂದೆ.

ಉಸಿರು

ಎರಡನೆಯ ಹಾಡಿಗೆ ಆತ ಕೊಳಲಿನ ಭಾಗವನ್ನು ತಾನೇ ಹೆಣೆದ. ಕೊಳಲಿನವರು ಬ್ಯಾಂಕಿನ ಕ್ಯಾಷಿಯರು, ತೂಕದ ಮನುಷ್ಯ. ಊದಲು ಶುರು ಮಾಡಿದರು. ಕೆಂಪಾದರು. ಆಮೇಲೆ ನೇರಳೆ ಬಣ್ಣಕ್ಕೆ ತಿರುಗಿ ಕುರ್ಚಿಯಲ್ಲಿ ಕುಸಿದರು. ಹಾಳೆ ನೋಡಿದರೆ ಇಪ್ಪತ್ತನಾಲ್ಕು ಆವರ್ತನದಲ್ಲಿ ಉಸಿರಾಡಲು ಒಂದು ವಿರಾಮವೂ ಇಲ್ಲ.

“ಕಂಪ್ಯೂಟರ್ ಬರೋಬ್ಬರಿ ನುಡಸ್ತೈತಲ್ರಿ!” ಎಂದ ಆತ.

“ಅದಕ್ಕ ಮೂಗಿಲ್ಲೋ ಮಾರಾಯಾ,” ಎಂದರು ಕ್ಯಾಷಿಯರು, ಎದೆ ಹಿಡಿದುಕೊಂಡು.

ಆ ದಿನ ನಾನು ಎರಡು ಚಪಾತಿ ಹೆಚ್ಚು ತಿಂದೆ. ಆದರೆ ಮರುದಿನ ಬೆಳಿಗ್ಗೆ ತಿದ್ದಿದ ಹಾಳೆ ಅಚ್ಚಾಗಿ ಬಂದಿತ್ತು, ಸರಿಯಾದ ಜಾಗದಲ್ಲೆಲ್ಲ ವಿರಾಮ. ನಾನಾಗಿದ್ದರೆ ಎರಡು ಭಾನುವಾರ ಬೇಕಿತ್ತು.

“ಐದ ಮಿನಿಟಿನ ಕೆಲಸ ಕಾಕಾ,” ಎಂದ. ಕೇಳಿದವರು ಯಾರು?

ಒಂದು ಸ್ವರ ಮೇಲೆ

ಅಕ್ಟೋಬರಿನಲ್ಲಿ ಆತ ಮಾವನ ಮನೆಗೆ ಹೊರಟ. ಹೋಗುವ ಮುನ್ನ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿ, ಎಲ್ಲಿ ಒತ್ತಿದರೆ ಏನಾಗುತ್ತದೆ ಎಂದು ತೋರಿಸಿ, “ತಪ್ಪಿದ್ರ ತಿದ್ದ್ರಿ ಕಾಕಾ, ನಿಮಗ ತಿಳದಷ್ಟು ನನಗ ತಿಳೀತೈತೇನು?” ಎಂದು ಬೀಗದ ಕೈ ಕೊಟ್ಟ.

ತಪ್ಪು ಸಿಕ್ಕೇ ಸಿಕ್ಕಿತು! ಕ್ಲಾರಿನೆಟ್ಟು ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ನುಡಿಯುವ ವಾದ್ಯ. ಹಾಗಾಗಿ ಅದರ ಹಾಳೆಯನ್ನು ಒಂದು ಸ್ವರ ಮೇಲೆ ಬರೆಯಬೇಕು. ಈತ ಅದನ್ನು ಕೊಳಲಿನ ಮಟ್ಟದಲ್ಲೇ ಇಟ್ಟಿದ್ದ. ಇಷ್ಟೂ ಗೊತ್ತಿಲ್ಲವೇ! ಮೂರು ತಾಸು ಕೂತು ಒಂದೊಂದೇ ಸ್ವರವನ್ನು ಹಿಡಿದು ಮೇಲೆತ್ತಿದೆ. ಅಷ್ಟು ಸುಖವಾದ ಮಧ್ಯಾಹ್ನ ಆ ವರ್ಷ ಇನ್ನೊಂದಿರಲಿಲ್ಲ.

ಆತ ಬಂದು ಹಾಳೆ ಅಚ್ಚು ಹಾಕಿದ. ಅಭ್ಯಾಸದಲ್ಲಿ ಕ್ಲಾರಿನೆಟ್ಟಿನ ರೈಲ್ವೆ ಗಾರ್ಡು ಊದಿದೊಡನೆ ಮಾಸ್ತರು ಕಿವಿ ಮುಚ್ಚಿಕೊಂಡರು. ಹನ್ನೊಂದು ಜನ ಒಂದು ಕಡೆ, ಕ್ಲಾರಿನೆಟ್ಟು ಒಂದು ಸ್ವರ ಮೇಲೆ.

“ಏ ಗಾರ್ಡ್ ಸಾಹೇಬ್ರ, ನಿಮ್ಮ ಗಾಡಿ ಯಾವ ಪಟ್ರಿ ಮ್ಯಾಲ ಹೊಂಟೈತಿ?”

“ಬರದದ್ದು ಊದೀನ್ರಿ!” ಎಂದು ಗಾರ್ಡು ಹಾಳೆ ಬೀಸಿದರು.

ಆಮೇಲೆ ತಿಳಿದದ್ದು: ಪರದೆಯ ಮೇಲೆ ಎಲ್ಲ ವಾದ್ಯಗಳನ್ನೂ ಕಿವಿಗೆ ಕೇಳುವ ಮಟ್ಟದಲ್ಲೇ ತೋರಿಸಿ, ಅಚ್ಚು ಹಾಕುವಾಗ ಕ್ಲಾರಿನೆಟ್ಟನ್ನು ತಂತ್ರಾಂಶ ತಾನೇ ಮೇಲೆತ್ತುತ್ತದಂತೆ. ನಾನು ಒಮ್ಮೆ ಎತ್ತಿದ್ದೆ, ಅದು ಇನ್ನೊಮ್ಮೆ ಎತ್ತಿತ್ತು. ಆತ ನನ್ನನ್ನು ನೋಡಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

“ಮಷೀನ್ ಹಂಗ ಮಾಡ್ತೈತ್ರಿ ಒಮ್ಮೊಮ್ಮೆ,” ಎಂದ ಎಲ್ಲರಿಗೂ ಕೇಳುವಂತೆ. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಆ ಒಂದು ಸಾಲು

ರಾಜ್ಯೋತ್ಸವದ ಪಟ್ಟಿ ಬಂತು. ಕೆಳತುದಿಯಲ್ಲಿ ‘ಸ್ವರಲಿಪಿ’ ಎಂದಿತ್ತು, ಮುಂದೆ ಆತನ ಹೆಸರು. ನಾಲ್ಕು ಸಲ ಓದಿದೆ, ಹೆಸರು ಬದಲಾಗಲಿಲ್ಲ. ಮನೆಗೆ ಬಂದು ಹೆಂಡತಿಯ ಮುಂದೆ ಬಾಯಿಬಿಟ್ಟೆ.

“ಸಂಘದವ್ರು ಆತಗ ಭರಪೂರ ರೊಕ್ಕ ಕೊಟ್ಟಿರಬೇಕು.”

“ಕೊಟ್ಟಿಲ್ರೀ, ತಗೊಂಡಾರ,” ಎಂದಳು ಒಗೆದ ಬಟ್ಟೆ ಮಡಚುತ್ತ. “ಮ್ಯಾಲಿನಾಕಿ ಮುಂಜಾನೆ ಇದನ್ನ ಹೇಳಿ ಸಿಟ್ಟು ಮಾಡಾಕತ್ತಿದ್ಲು. ಹೆಸರು ಬರಬೇಕಂದ್ರ ಪಟ್ಟಿ ಅಚ್ಚು ಹಾಕ್ಸೋ ಖರ್ಚು ನೀವ ಕೊಡ್ರಿ ಅಂದ್ರಂತ ಸಂಘದ ಸೆಕ್ರೆಟರಿ. ಆತ ಹೂಂ ಅಂದನಂತ.”

ನಾಲ್ಕು ತಿಂಗಳ ಮೇಲೆ ನನ್ನ ಹೊಟ್ಟೆ ತಣ್ಣಗಾಯಿತು. ನಗು ತಡೆಯಲಾಗಲಿಲ್ಲ.

“ಎಷ್ಟು ತಗೊಂಡ್ರು?”

“ನಗ್ತೀರೇನ್ರಿ? ಹದಿನೆಂಟು ವರ್ಷದಾಗ ನಿಮ್ಮ ಹೆಸರಿಗೆ ಯಾರೂ ಒಂದ್ ರೂಪಾಯಿ ಕೇಳಲಿಲ್ಲ,” ಎಂದಳು ತಲೆಯೆತ್ತದೆ. “ಆತನ ಹೆಸರಿಗೆ ಎರಡೂವರಿ ಸಾವಿರ.”