ಮಿಂಚುಗಣ್ಣನಿಗೆ ಒಂದು ವಿನಂತಿ ಪತ್ರ

ಇಷ್ಟೆಲ್ಲ ರಗಳೆಗೆ ಕಾರಣ ಒಂದು ನಾಯಿ. ಅದೂ ಒದ್ದೆಯಾಗದ ನಾಯಿ.

ಕೊಡೆ ಕಂಪನಿಯ ಮ್ಯಾನೇಜರು ಬೆಳಿಗ್ಗೆ ಹತ್ತು ಗಂಟೆಗೆ ಬೆಣ್ಣೆರಾಯನನ್ನು ಕರೆದು, ತಮ್ಮ ಕಂಪ್ಯೂಟರಿನ ಪರದೆಯನ್ನು ಅವನ ಕಡೆ ತಿರುಗಿಸಿದರು. ಧೋ ಎಂದು ಸುರಿಯುವ ಮಳೆಯಲ್ಲಿ ಒಬ್ಬಳು ಅಜ್ಜಿ ಕೊಡೆ ಹಿಡಿದು ನಿಂತಿದ್ದಾಳೆ. ಪಕ್ಕದಲ್ಲಿ ಒಂದು ಬೀದಿನಾಯಿ. ಕೊಡೆಯ ಮುಕ್ಕಾಲು ಪಾಲು ನಾಯಿಯ ಮೇಲಿದೆ. ಅಜ್ಜಿ ತೊಯ್ದು ತೊಪ್ಪೆಯಾಗಿದ್ದರೆ ನಾಯಿ ಮದುವೆಗೆ ಬಂದ ಬೀಗರ ಹಾಗೆ ಬಿಗುವಾಗಿ ಕೂತಿದೆ.

"ಮುಂದಿನ ವರ್ಷದ ಕ್ಯಾಲೆಂಡರಿಗೆ ಇದೇ ಫೋಟೋ. ಯಾರೋ ಮಿಂಚುಗಣ್ಣ ಅಂತೆ, ಹವ್ಯಾಸಿ, ಇಂಟರ್ನೆಟ್ಟಲ್ಲಿ ಹಾಕಿದಾನೆ. ಐದು ಗಂಟೆಗೆ ಪ್ರೆಸ್ಸಿಗೆ ಹೋಗ್ಬೇಕು. ನಿನ್ನ ಪತ್ರ ಒಂದು ಬಿಡು, ಪುಕ್ಕಟೆ ಇಸ್ಕೋ" ಎಂದರು ಮ್ಯಾನೇಜರು.

ಸೋಡಾಬುಡ್ಡಿ ಕನ್ನಡಕದ ಹಿಂದೆ ಎರಡು ಕಣ್ಣನ್ನು ಪಿಳಿಪಿಳಿ ಬಿಡುತ್ತಿದ್ದ ಬೆಣ್ಣೆರಾಯನೇ ಆ ಮಿಂಚುಗಣ್ಣ.

ಹವ್ಯಾಸಿ ಛಾಯಾಗ್ರಾಹಕರಿಗೆ ಬೆಣ್ಣೆ ಹಚ್ಚಿ, ಅವರ ಚಿತ್ರಗಳನ್ನು ಕಂಪನಿಗೆ ಪುಕ್ಕಟೆ ಕೊಡಿಸುವುದು ಅವನ ಕೆಲಸ. ಆಫೀಸು ಅವನಿಗಿಟ್ಟ ಹೆಸರೂ ಅಲ್ಲಿಂದಲೇ ಬಂದದ್ದು. ನಾಲ್ಕು ವರ್ಷಗಳಲ್ಲಿ ಮೂವತ್ತೇಳು ಮಂದಿಗೆ ಬರೆದಿದ್ದ, ಮೂವತ್ತೇಳೂ ಮಂದಿ ಕರಗಿದ್ದರು. ಒಬ್ಬ ಹಲ್ಲಿನ ಡಾಕ್ಟರಂತೂ ಸೂರ್ಯಾಸ್ತದ ಚಿತ್ರದ ಜೊತೆಗೆ ಧನ್ಯವಾದ ಪತ್ರವನ್ನೂ ಕಳಿಸಿದ್ದರು.

ಅದು ಹೊಟ್ಟೆಪಾಡು. ರಜೆ ಸಿಕ್ಕಾಗಲೆಲ್ಲ ಕ್ಯಾಮೆರಾ ನೇತುಹಾಕಿಕೊಂಡು ಬೀದಿ ಅಲೆಯುವುದು ಅವನ ಪ್ರಾಣ. ತೆಗೆದ ಚಿತ್ರಗಳನ್ನು ಮಿಂಚುಗಣ್ಣ ಎಂಬ ಹೆಸರಿನಲ್ಲಿ ಹಾಕುತ್ತಿದ್ದ. ಮೆಚ್ಚಿಕೊಳ್ಳುವವರು ಹದಿನಾಲ್ಕು ಮಂದಿ. ಅದರಲ್ಲಿ ಒಂಬತ್ತು ಮಂದಿ ಭಾವಮೈದುನನ ಮನೆಯವರು. "ಆ ಕರೀ ಡಬ್ಬಿಯಿಂದ ಒಂದೇ ಒಂದು ಸಲ ಯಾರಾದ್ರೂ ಕಾಸು ಕೊಟ್ಟು ಚಿತ್ರ ತಗೊಳ್ಲಿ, ಆವತ್ತಿಂದ ನಿಮ್ಮನ್ನ ಕಲಾವಿದರೇ ಅಂತ ಕರೀತೀನಿ" ಎಂದು ಹೆಂಡತಿ ಹಲವು ಸಲ ಹೇಳಿದ್ದಳು. ಅವಳ ಬಾಯಿಂದ ಆ ಮಾತು ಕೇಳಬೇಕೆಂಬ ಆಸೆ ಅವನಿಗೆ ಹೊಟ್ಟೆಯೊಳಗಿನ ಹಸಿವಿನಂತೆ ಇತ್ತು.

ನಾನೇ ಸರ್ ಅಂದುಬಿಡೋಣ ಎಂದು ಬಾಯಿ ತೆರೆದ. ಅಷ್ಟರಲ್ಲಿ ಚಿತ್ರದ ಮೂಲೆಯಲ್ಲಿದ್ದ ತಾರೀಕು ಕಣ್ಣಿಗೆ ಬಿತ್ತು. ಹೋದ ಮಂಗಳವಾರ, ಬೆಳಿಗ್ಗೆ ಹನ್ನೊಂದು. ಆ ಹೊತ್ತಿಗೆ ಅವನು ಹಲ್ಲುನೋವೆಂದು ರಜೆ ಹಾಕಿ ಮನೆಯಲ್ಲಿ ಮಲಗಿರಬೇಕಾಗಿತ್ತು. ತೆರೆದ ಬಾಯನ್ನು ಮುಚ್ಚಿಕೊಂಡ.

ತನ್ನ ಮೇಜಿಗೆ ಬಂದು ಕೂತು ಎಂದಿನ ಪತ್ರವನ್ನೇ ಬರೆದ. 'ತಮ್ಮ ಚಿತ್ರವನ್ನು ಕಂಡು ನಾವೆಲ್ಲ ಮೂಕರಾದೆವು. ಈ ವರ್ಷ ಇದಕ್ಕೆಂದು ನಮ್ಮಲ್ಲಿ ಹಣ ತೆಗೆದಿಟ್ಟಿಲ್ಲ. ಆದರೆ ಚಿತ್ರದ ಕೆಳಗೆ ತಮ್ಮ ಹೆಸರನ್ನು ಹಾಕುತ್ತೇವೆ. ಸಾವಿರಾರು ಮನೆಗಳ ಗೋಡೆಯ ಮೇಲೆ ತಾವು ರಾರಾಜಿಸುವಿರಿ.' ಕಳಿಸಿ, ಫೋನು ಹಿಡಿದು ಶೌಚಾಲಯಕ್ಕೆ ಹೋಗಿ ಚಿಲಕ ಹಾಕಿಕೊಂಡು ಅದನ್ನೇ ಓದಿದ.

ಬರೆಯುವಾಗ ಬೆಣ್ಣೆಯಂತಿದ್ದ ಮಾತು ಓದುವಾಗ ಗಂಟಲಲ್ಲಿ ಸಿಕ್ಕಿಕೊಂಡಿತು. ಆ ಅಜ್ಜಿಗಾಗಿ ಎರಡು ಗಂಟೆ ಮೋರಿಯ ಪಕ್ಕ ನಿಂತವನು ಅವನು. ಮೂರು ದಿನ ನೆಗಡಿಯಲ್ಲಿ ನರಳಿದವನೂ ಅವನೇ. ಮೂಕರಾದರಂತೆ! ಕಾಸಿನ ಮಾತು ಬಂದಾಗ ಮಾತ್ರ ಮೂಕರು! ಮಿಂಚುಗಣ್ಣ ಅಲ್ಲೇ ಕೂತು ಉತ್ತರ ಕುಟ್ಟಿದ: 'ವಂದನೆಗಳು. ನನ್ನ ಚಿತ್ರಕ್ಕೆ ಸಂಭಾವನೆ ಹತ್ತು ಸಾವಿರ.'

"ಹತ್ತು ಸಾವಿರಾನಾ?" ಮ್ಯಾನೇಜರು ಕುರ್ಚಿಯಿಂದ ಅರ್ಧ ಎದ್ದರು. "ಅಷ್ಟು ಕೊಟ್ರೆ ಆ ನಾಯೀನೇ ಬಂದು ಇಲ್ಲಿ ಕೆಲ್ಸ ಮಾಡುತ್ತೆ!"

ಸದ್ದು ಕೇಳಿ ಕ್ಯಾಷಿಯರಮ್ಮ ಬಂದರು, ಅವರ ಹಿಂದೆ ಸ್ಟೋರ್‌ಕೀಪರ್ ಬಂದ. ಆ ಆಫೀಸಿನಲ್ಲಿ ಒಬ್ಬರ ತಲೆನೋವಿಗೆ ಮೂವರು ಹಣೆ ಒತ್ತುವುದು ವಾಡಿಕೆ.

ಕ್ಯಾಷಿಯರಮ್ಮ ಕನ್ನಡಕ ಏರಿಸಿ ನೋಡಿ, "ಇದೇನ್ ಫೋಟೋನೋ! ಅಜ್ಜಿ ಮುಖಾನೇ ಕಾಣ್ತಿಲ್ಲ. ನಮ್ಮ ತಂಗಿ ಮೊಬೈಲಲ್ಲಿ ಇದಕ್ಕಿಂತ ಚೆನ್ನಾಗಿ ತೆಗೀತಾಳೆ" ಎಂದರು.

"ಮುಖ ಕಾಣಬಾರದು ಅಂತಲೇ ಹಾಗೆ ತೆಗೆದಿರೋದು!" ಬೆಣ್ಣೆರಾಯ ಸಿಡಿದ. "ಕೊಡೆಯ ಅಂಚಿಂದ ಬೀಳ್ತಿರೋ ಆ ಹನಿ ನೋಡಿ ಮೇಡಂ. ಅದಕ್ಕೆ ಎಷ್ಟು ಕಾಯಬೇಕು ಗೊತ್ತಾ?"

"ನಿಂಗ್ಯಾಕಯ್ಯಾ ಅಷ್ಟು ಉರಿ? ನೀನೇನ್ ಅವನ ಅಳಿಯನಾ?" ಎಂದ ಸ್ಟೋರ್‌ಕೀಪರ್.

ಹಣದ ಬದಲು ಒಂದು ಕೊಡೆ ಕೊಡುವುದೆಂದು ತೀರ್ಮಾನವಾಯಿತು. ಮಡಚುವ ಕೊಡೆ ಬೇಡ, ಉದ್ದನೆಯದೇ ಇರಲಿ ಎಂದು ಕ್ಯಾಷಿಯರಮ್ಮ ಉದಾರವಾದರು. ಬೆಣ್ಣೆರಾಯ ಎರಡನೇ ಪತ್ರ ಬರೆದ, ಶೌಚಾಲಯಕ್ಕೆ ಓಡಿದ. ಮಿಂಚುಗಣ್ಣನಿಗೆ ಈಗ ನಿಜಕ್ಕೂ ರೇಗಿತ್ತು. 'ನಿಮ್ಮ ಕೊಡೆಯನ್ನು ನಾನು ಬಲ್ಲೆ. ಮೂರನೇ ಮಳೆಗೆ ಏಳನೇ ಕಡ್ಡಿ ಕಿತ್ತು ಬರುತ್ತದೆ' ಎಂದು ಬರೆದು, ಮೈಯ ಭಾರ ಇಳಿಸಿಕೊಂಡವನಂತೆ ಹೊರಬಂದ.

ಸ್ಟೋರ್‌ಕೀಪರ್ ಆ ಉತ್ತರ ಓದಿ ಬಿಳಿಚಿಕೊಂಡ. "ಏಳನೇ ಕಡ್ಡಿ! ಇದು ನಮ್ಮ ನಾಲ್ಕು ಗೋಡೆ ಒಳಗೆ ಮಾತ್ರ ಗೊತ್ತಿರೋ ವಿಷ್ಯ ಸರ್. ಯಾರೋ ಒಳಗಿನವರೇ ಬಾಯಿಬಿಟ್ಟಿದಾರೆ."

"ಯಾರೂ ಬಿಟ್ಟಿಲ್ಲ, ಕೊಡೆ ಕೊಂಡವರಿಗೆಲ್ಲ ಗೊತ್ತು" ಎಂದು ಕ್ಯಾಷಿಯರಮ್ಮ ಹೇಳಿದ್ದರಿಂದ ರಾಯ ಬದುಕಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಅವನ ಓಡಾಟ ಇಡೀ ಆಫೀಸಿನ ಕಾಳಜಿಯಾಯಿತು. ಪತ್ರ ಹೋದ ಮರುಗಳಿಗೆಯೇ ಬೆಣ್ಣೆರಾಯ ಶೌಚಾಲಯದ ಕಡೆ ಧಾವಿಸುವುದನ್ನು ನೋಡಿ ಸ್ಟೋರ್‌ಕೀಪರನ ಕರುಳು ಚುರ್ರೆಂದಿತು. ಅವನು ಬಾಗಿಲಾಚೆ ನಿಂತು, "ಭೇದಿ ನಿಲ್ಲೋ ಮಾತ್ರೆ ತಂದಿದೀನಿ, ಬಾಗಿಲ ಸಂದೀಲಿ ತಳ್ಳಲಾ?" ಎಂದ.

"ಬೇಡ!"

"ಒಳಗೆ ಅದೇನೋ ಟಕಟಕ ಅಂತಿದೆಯಲ್ಲ?"

"ಹಲ್ಲು ಕಟಕಟಿಸ್ತಿದೀನಿ!" ಎಂದು ರಾಯ ಕೂಗಿದ. ಭೇದಿಯ ಜೊತೆಗೆ ಚಳಿಜ್ವರವೂ ಬಂದಿದೆಯೆಂಬ ಸುದ್ದಿ ಐದು ನಿಮಿಷದಲ್ಲಿ ಮೇಲಿನ ಮಹಡಿಯವರೆಗೆ ಹೋಯಿತು. ಕ್ಯಾಷಿಯರಮ್ಮ ಅವನ ಹೆಂಡತಿಗೆ ಫೋನನ್ನೂ ಮಾಡಿಬಿಟ್ಟರು.

ಮೂರು ಗಂಟೆಗೆ ಮ್ಯಾನೇಜರು ಮೂರನೇ ಪತ್ರವನ್ನು ತಾವೇ ಹೇಳಿ ಬರೆಸಿದರು. ಕಲೆಯನ್ನು ಹಣದಿಂದ ಅಳೆಯುವುದು ಕಲಾವಿದನಿಗೆ ಶೋಭೆಯಲ್ಲ ಎಂಬುದು ಅದರ ಸಾರಾಂಶ. ಅದಕ್ಕೆ ಶೌಚಾಲಯದಿಂದ ಬಂದ ಉತ್ತರ ಹೀಗಿತ್ತು: 'ಸ್ವಾಮಿ, ತಾವು ಕೊಡೆಯನ್ನು ಪುಕ್ಕಟೆ ಹಂಚುತ್ತೀರಾ? ಕ್ಯಾಲೆಂಡರು ಅಚ್ಚು ಮಾಡುವವನು ತನ್ನ ಹೆಸರು ಹಾಕಿದರೆ ಸಾಕೆಂದು ಹೋಗುತ್ತಾನೆಯೇ? ನಾನೊಬ್ಬನೇ ಏಕೆ ಗಾಳಿ ತಿಂದು ಬದುಕಲಿ? ಇದನ್ನು ಹೇಳಿ ಬರೆಸಿದ ಜಿಪುಣನಿಗೆ ಓದಿ ಹೇಳಿ. ಹತ್ತು ಸಾವಿರ, ಇಲ್ಲವೇ ಚಿತ್ರ ಇಲ್ಲ.'

ಮ್ಯಾನೇಜರು ಅದನ್ನು ಎರಡು ಸಲ ಓದಿ, ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಬೆಣ್ಣೆರಾಯನಿಗೆ ಭಯವೂ ಆಯಿತು, ಖುಷಿಯೂ ಆಯಿತು. ಆ ಮೂವತ್ತೇಳು ಮಂದಿಯ ಪರವಾಗಿಯೂ ತಾನೇ ಎದೆ ಸೆಟೆಸಿ ನಿಂತ ಹಾಗನ್ನಿಸಿತು. ಹಲ್ಲಿನ ಡಾಕ್ಟರಿಗೂ ಒಂದಿಷ್ಟು ಕೊಡಿಸಬೇಕು ಎಂದುಕೊಂಡ.

ನಾಲ್ಕೂವರೆಗೆ ಕರೆ ಬಂತು.

"ಕೂತ್ಕೋ" ಎಂದರು ಮ್ಯಾನೇಜರು. "ನಿನ್ನ ಪತ್ರ, ಅವನ ಪತ್ರ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದಿದೆ. ನನ್ನನ್ನ ಜಿಪುಣ ಅಂದುಬಿಟ್ನಲ್ಲಯ್ಯ! ಇಪ್ಪತ್ತು ವರ್ಷದಲ್ಲಿ ಯಾರೂ ಎದುರು ಹೇಳಿರಲಿಲ್ಲ. ಏನು ಧೈರ್ಯ, ಏನು ಖಾರ! ನಿನ್ನ ಪತ್ರ ಅದರ ಮುಂದೆ ನೀರು ನೀರು. ಬಾಕಿ ಕೊಡದೆ ಸತಾಯಿಸೋ ಅಂಗಡಿಯವರಿಗೆ ಇವನ ಕೈಲಿ ಪತ್ರ ಬರೆಸಿದ್ರೆ ಹೇಗಿರುತ್ತೆ ಅಂತ ಯೋಚಿಸ್ದೆ. ನಿನ್ನ ಜಾಗಕ್ಕೆ ಅವನನ್ನ ತಗೊಳ್ತಿದೀನಿ."

"ಸರ್, ಹಾಗಾದ್ರೆ ನಾನು?"

"ನಾಳೆಯಿಂದ ನೀನು ಬರೋದು ಬೇಡ. ಹೇಗೂ ಮೈ ಹುಷಾರಿಲ್ಲ."

ಬೆಣ್ಣೆರಾಯ ದಡಕ್ಕನೆ ಎದ್ದು ನಿಂತ. "ಸರ್! ಮಿಂಚುಗಣ್ಣ ನಾನೇ!"

ಮ್ಯಾನೇಜರು ಮೊದಲು ನಕ್ಕರು. ಆಮೇಲೆ ನಗು ನಿಲ್ಲಿಸಿ ಬೆರಳು ಮಡಚುತ್ತಾ ಹೇಳಿದರು: "ಸರಿ, ನೀನೇ ಅಂತ ಇಟ್ಕೊಳೋಣ. ಹಾಗಾದ್ರೆ ಹಲ್ಲುನೋವು ಅಂತ ರಜ ಹಾಕಿ ಬೀದಿ ಸುತ್ತಿದೋನು ನೀನು. ಕಂಪನಿ ಕಡ್ಡಿ ಗುಟ್ಟು ಹೊರಗೆ ಹಾಕಿದೋನು ನೀನು. ನನ್ನ ಸಂಬಳ ತಿಂದು ನನ್ನನ್ನೇ ಜಿಪುಣ ಅಂದೋನೂ ನೀನೇ. ಪೊಲೀಸಿಗೆ ಫೋನ್ ಮಾಡೋ ಮುಂಚೆ ಇನ್ನೊಂದ್ಸಲ ಕೇಳ್ತೀನಿ. ನೀನೇನಾ?"

ಫೋನು ತೆಗೆಯಲೆಂದು ಜೇಬಿಗೆ ಹೋಗಿದ್ದ ರಾಯನ ಕೈ ಖಾಲಿಯಾಗಿ ಹೊರಬಂತು.

"ಅಲ್ಲ ಸರ್" ಎಂದ.

"ಅದೇ ಮತ್ತೆ. ಹೋಗೋ ಮುಂಚೆ ಕೊನೇ ಪತ್ರ ಒಂದು ಬರೆದುಕೊಟ್ಟು ಹೋಗು. ಅವನು ಮನೇಲೇ ಕೂತು ಕೆಲ್ಸ ಮಾಡ್ಲಿ. ಮೊದಲ ಒಂದು ವರ್ಷ ಸಂಬಳ ಇಲ್ಲ, ಆದ್ರೆ ಪ್ರತಿ ಪತ್ರದ ಕೆಳಗೂ ಹೆಸರು ಹಾಕ್ತೀವಿ. ನಮ್ಮ ನೌಕರ ಆದ ಅಂದ್ಮೇಲೆ ಅವನ ಫೋಟೋನೂ ನಮ್ಮದೇ, ಕಾಸಿನ ತಕರಾರೇ ಇರಲ್ಲ. ಇಲ್ಲ ಅನ್ನೋಕೆ ಆಗಬಾರದು, ಹಾಗೆ ಬರಿ. ಅದೊಂದು ನಿನಗೆ ಚೆನ್ನಾಗಿ ಬರುತ್ತೆ."

ಮ್ಯಾನೇಜರು ಬೆನ್ನ ಹಿಂದೆಯೇ ನಿಂತಿದ್ದರು. ಬೆಣ್ಣೆರಾಯ ಬರೆದ. ಕೆಲಸ ಹೋದ ದುಃಖವೋ, ಕೈಯ ಅಭ್ಯಾಸವೋ, ಅಂಥ ಪತ್ರವನ್ನು ಅವನು ಹಿಂದೆಂದೂ ಬರೆದಿರಲಿಲ್ಲ. 'ತಮ್ಮಂಥ ನಿಷ್ಠುರ ಕಲಾವಿದರನ್ನು ಈ ಲೋಕ ತಡವಾಗಿ ಗುರುತಿಸುತ್ತದೆ' ಎಂಬ ಸಾಲಿಗೆ ಕ್ಯಾಷಿಯರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸ್ಟೋರ್‌ಕೀಪರ್ ಮಾತ್ರೆಯ ಪೊಟ್ಟಣವನ್ನು ಅವನ ಜೇಬಿಗೆ ತುರುಕಿ ಬೀಳ್ಕೊಟ್ಟ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ರಾಯ ಫೋನು ತೆಗೆದು, ಬೈಯಬೇಕೆಂದೇ ಹಲ್ಲು ಕಚ್ಚಿಕೊಂಡು ಪತ್ರ ತೆರೆದ. ಮೊದಲ ಸಾಲಿಗೆ ಹಲ್ಲು ಸಡಿಲವಾಯಿತು. ಎರಡನೆಯ ಸಾಲನ್ನು ಎರಡು ಸಲ ಓದಿದ. ಜೀವಮಾನದಲ್ಲಿ ಯಾರೂ ಅವನ ಬಗ್ಗೆ ಇಷ್ಟು ಒಳ್ಳೆಯ ಮಾತು ಆಡಿರಲಿಲ್ಲ. ತನ್ನ ನಿಲ್ದಾಣ ಬರುವಷ್ಟರಲ್ಲಿ 'ಒಪ್ಪಿದ್ದೇನೆ, ತಮ್ಮ ದೊಡ್ಡ ಮನಸ್ಸಿಗೆ ಋಣಿ' ಎಂದು ಉತ್ತರಿಸಿಯಾಗಿತ್ತು.

ಹೆಂಡತಿ ಬಾಗಿಲಲ್ಲೇ ಗಾಬರಿಯಿಂದ ಕಾಯುತ್ತಿದ್ದಳು. ಅವನು ಭೇದಿಯ ಸುದ್ದಿ ಸುಳ್ಳೆಂದೂ, ಕೊಡೆ ಕಂಪನಿಯವರು ಮಿಂಚುಗಣ್ಣನ ಚಿತ್ರ ಮೆಚ್ಚಿ ಕ್ಯಾಲೆಂಡರಿಗೆ ತೆಗೆದುಕೊಂಡು, ಕೆಲಸವನ್ನೂ ಕೊಟ್ಟರೆಂದೂ ಹೇಳಿದಾಗ ಅವಳ ಮುಖ ಅರಳಿತು.

"ಹೌದಾ! ಕಲಾವಿದರೇ, ಒಳಗೆ ಬನ್ನಿ" ಎಂದು ಕೈಯಿಂದ ಚೀಲ ಇಸಿದುಕೊಂಡಳು. "ಏನು ಕೊಡ್ತಾರಂತೆ?"

"ಹೆಸರು ಹಾಕ್ತಾರಂತೆ."

"ಯಾರ ಹೆಸರು?" ಎಂದಳು ಹೆಂಡತಿ.